ಮೇಷ್ಟ್ರಮ್ಮನ ಹೊಟ್ಟೆ

ನನ್ನ ಸೀರೆಯ ನೆರಿಗೆ ಒಂದು ಕಡಿಮೆಯಾಗಿದೆ ಎಂಬುದನ್ನು ಮೊದಲು ಕಂಡವಳು ನಾನಲ್ಲ, ಬಾಡಿಗೆ ಮನೆಯ ಒಡತಿ ಚಿಕ್ಕತಾಯಮ್ಮ. ಬೇಗೂರಿನಲ್ಲಿ ಅವಳ ಮನೆಯ ಹೊರಕೋಣೆಯಲ್ಲಿ ನಾನಿದ್ದೆ. ಒಂದು ದಿನ ಶಾಲೆಗೆ ಹೊರಟು ಜಗಲಿ ಇಳಿಯುತ್ತಿದ್ದಾಗ, ಅಕ್ಕಿ ಕೇರುತ್ತ ಕೂತಿದ್ದವಳು ತಲೆಯೆತ್ತಿ, "ಮೇಷ್ಟ್ರಮ್ಮ, ಆರು ನೆರಿಗೆ ಬತ್ತಿದ್ದ ಸೀರೆ ಇವತ್ತು ಐದಕ್ಕೇ ನಿಂತದಲ್ಲ" ಅಂದಳು. "ನಿಮ್ಮ ಮಜ್ಜಿಗೆ ಕುಡ್ದು ಕುಡ್ದು ದಪ್ಪ ಆಗ್ಬುಟ್ಟೆ ಕಣಮ್ಮ" ಅಂದೆ. ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ನನಗಾಗ ಇಪ್ಪತ್ತೆರಡು. ಮದುವೆಯಾಗಿರಲಿಲ್ಲ. ಐವತ್ತರ ದಶಕದ ನಡುವಿನ ಮಾತು ಇದು. ನಮ್ಮ ಊರು ಚಂದಕವಾಡಿ ಹತ್ತಿರದ ಒಂದು ಹಳ್ಳಿ. ಹೆಣ್ಣುಮಗಳನ್ನು ಓದಿಸಬೇಕೆಂದು ಹಟ ಹಿಡಿದಿದ್ದ ಅಪ್ಪ ನಾನು ಟ್ರೈನಿಂಗ್ ಮುಗಿಸುವ ಮೊದಲೇ ಹೋಗಿಬಿಟ್ಟಿದ್ದ. ಮನೆಯಲ್ಲಿ ಅವ್ವ, ಅಣ್ಣ ಮಲ್ಲಣ್ಣ. ಬೇಗೂರಿನ ಪ್ರೈಮರಿ ಶಾಲೆಗೆ ನಾನು ಬಂದು ಎರಡನೇ ವರ್ಷ. ಆ ಹೋಬಳಿಗೇ ನಾನೊಬ್ಬಳೇ ಹೆಂಗಸು ಮೇಷ್ಟ್ರು. ನನ್ನ ಹೆಸರು ದೇವಮ್ಮಣ್ಣಿ ಎಂಬುದು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ನಾನು ಮೇಷ್ಟ್ರಮ್ಮ.

ಹೊಟ್ಟೆ ಬಿಗಿದಂತಾಗುವುದು, ಎರಡು ತುತ್ತಿಗೇ ಸಾಕೆನಿಸುವುದು ಅದಕ್ಕೂ ಮೊದಲೇ ಶುರುವಾಗಿತ್ತು. ವಾಯು ಅಂದುಕೊಂಡು ಜೀರಿಗೆ ಕಷಾಯ ಕುಡಿದೆ. ಓಮಿನ ಕಾಳು ಬಾಯಿಗೆ ಹಾಕಿಕೊಂಡು ಪಾಠ ಮಾಡಿದೆ. ಮುಟ್ಟು ತಿಂಗಳು ತಿಂಗಳೂ ತಪ್ಪದೆ ಬರುತ್ತಿತ್ತು, ಹಾಗಾಗಿ ನನಗೆ ಯಾವ ಅಂಜಿಕೆಯೂ ಇರಲಿಲ್ಲ. ಆದರೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ನಾವು ಲಿಂಗ ಕಟ್ಟಿದವರು, ನಮ್ಮಲ್ಲಿ ಮುಟ್ಟಾದರೆ ಹೊರಗೆ ಕೂರುವ ಪದ್ಧತಿಯಿಲ್ಲ. ಇದ್ದಿದ್ದರೆ ತಿಂಗಳಿಗೆ ಮೂರು ದಿನ ಊರೇ ನನಗೆ ಸಾಕ್ಷಿಯಾಗುತ್ತಿತ್ತು. ಒಳ್ಳೆಯ ಪದ್ಧತಿಯೊಂದು ಹೀಗೂ ಕೈಕೊಡಬಹುದೆಂದು ಯಾರಿಗೆ ಗೊತ್ತಿತ್ತು?

ಐದು ನೆರಿಗೆ ನಾಲ್ಕಾಯಿತು. ಮಲಗಿದರೆ ಹೊಕ್ಕುಳಿನ ಕೆಳಗೆ ದುಂಡಗೆ, ನುಣ್ಣಗೆ ಏನೋ ಕೈಗೆ ಸಿಗುತ್ತಿತ್ತು. ನೋವಿರಲಿಲ್ಲ. ಮಗ್ಗುಲಾದರೆ ಅದೂ ನನ್ನ ಜೊತೆ ನಿಧಾನವಾಗಿ ಹೊರಳುತ್ತಿತ್ತು. ಸೆರಗನ್ನು ಮುಂದಕ್ಕೆಳೆದು ಹೊದೆಯುವುದನ್ನು ಕಲಿತೆ. ಕರಿಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಪಕ್ಕ ತೋರದಂತೆ ನಿಂತೆ. ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿದ್ದ ಹೆಂಗಸರ ಮಾತು ನಿಲ್ಲತೊಡಗಿತು. ಬಿಂದಿಗೆ ತುಂಬಿಕೊಂಡು ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಚಿಕ್ಕತಾಯಮ್ಮ ಮಜ್ಜಿಗೆ ಕಳಿಸುವುದನ್ನು ನಿಲ್ಲಿಸಿದಳು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಯಾರಿಗೂ ಹೇಳದೆ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡುವ ಒಬ್ಬ ಮಲೆಯಾಳಿ ನರ್ಸಮ್ಮ ಇದ್ದಾಳೆಂದು ಕೇಳಿದ್ದೆ. ಗಂಡಸು ಡಾಕ್ಟರಿಗೆ ಹೊಟ್ಟೆ ತೋರಿಸುವ ಧೈರ್ಯ ನನಗಿರಲಿಲ್ಲ.

ಆ ವರಾಂಡದ ಬೆಂಚು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆರೇಳು ಜನ ಬಸುರಿಯರು ಕಾಲು ಚಾಚಿಕೊಂಡು ಕೂತಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ತಾಯಿಯೋ ಅತ್ತೆಯೋ ಇದ್ದಳು. ನನ್ನ ಪಕ್ಕದಲ್ಲಿ ನನ್ನ ಚೀಲ. ಎದುರಿಗಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗ ಎಷ್ಟನೇ ತಿಂಗಳವ್ವ?" ಅಂದಳು.

"ನಂಗ ಅದಲ್ಲ ಅಜ್ಜಿ. ಹೊಟ್ಟೆನೋವು."

"ಮೊದಲ್ನೇದಾ? ಅಂಗೇ ಇರ್ತದ ಬುಡು, ಹೆದರ್ಕಬ್ಯಾಡ." ನಾನು ಹೇಳಿದ್ದು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ನರ್ಸಮ್ಮನನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು. ಪರದೆಯ ಹಿಂದೆ ಮಲಗಿಸಿ, ಮುಟ್ಟಿನ ವಿಚಾರ ಕೇಳಿ, ಗಂಡನ ವಿಚಾರ ಕೇಳಿದಳು. ಇಲ್ಲ ಎಂದೆ. ಅವಳ ಮುಖ ಕಿಂಚಿತ್ತೂ ಬದಲಾಗಲಿಲ್ಲ. ಇಷ್ಟು ವರ್ಷಗಳಾದ ಮೇಲೂ ಆ ಬದಲಾಗದ ಮುಖಕ್ಕೆ ನಾನು ಋಣಿ. ಗೋಡೆಯ ಮೊಳೆಯಿಂದ ಒಂದು ಮರದ ಕೊಳವೆ ತೆಗೆದಳು. ಗೇಣುದ್ದದ್ದು, ಒಂದು ತುದಿ ಕಹಳೆಯ ಬಾಯಿಯಂತೆ ಅಗಲ, ಇನ್ನೊಂದು ತುದಿ ಚಪ್ಪಟೆ. ಅಗಲದ ಬಾಯಿಯನ್ನು ನನ್ನ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಾನಿಸಿ, ಕೈ ತೆಗೆದು, ಉಸಿರು ಬಿಗಿಹಿಡಿದು ಕೇಳಿದಳು. ಎಡಕ್ಕೆ, ಬಲಕ್ಕೆ, ಕೆಳಗೆ, ಮತ್ತೆ ಮೇಲೆ. ಅವಳ ಕೂದಲ ಕೊಬ್ಬರಿಯೆಣ್ಣೆಯ ವಾಸನೆ ಹತ್ತಿರದಲ್ಲಿತ್ತು. ತಿಂಗಳುಗಳಿಂದ ಮನುಷ್ಯರೊಬ್ಬರು ನನಗೆ ಅಷ್ಟು ಹತ್ತಿರ ಬಂದಿರಲಿಲ್ಲ.

"ನಿನ್ನ ರಕ್ತ ಓಡುವ ಸದ್ದು ಉಂಟು. ಬೇರೆ ಏನೂ ಇಲ್ಲ," ಅಂದಳು.

"ಹಂಗಾದ್ರೆ ನಾನು ಬಸುರಿ ಅಲ್ಲ ಅಂತ ಬರೆದುಕೊಡಿ ಸಿಸ್ಟರಮ್ಮ."

ಅವಳು ತಲೆಯಲ್ಲಾಡಿಸಿದಳು. ಕೂಸು ಹೊಟ್ಟೆಯೊಳಗೇ ಸತ್ತಿದ್ದರೂ ಸದ್ದು ಇರುವುದಿಲ್ಲ, ತನ್ನ ಕಿವಿ ಅಷ್ಟನ್ನೇ ಹೇಳಬಲ್ಲದು ಎಂದಳು. ನನಗೆ ಅಳು ಬಂತು. ಇಲ್ಲದಿರುವುದನ್ನು ಇಲ್ಲವೆಂದು ತೋರಿಸುವುದು ಇಷ್ಟು ಕಷ್ಟವೆಂದು ನಾನೆಣಿಸಿರಲಿಲ್ಲ. ಅವಳು ಪರದೆಯಾಚೆಗಿದ್ದ ಒಬ್ಬ ಬಸುರಿಯನ್ನು ಒಳಗೆ ಕರೆದಳು. ಅವಳನ್ನು ಮಲಗಿಸಿ, ಕೊಳವೆ ಇಟ್ಟು, ನನ್ನ ತಲೆಯನ್ನು ಬಗ್ಗಿಸಿ ಕಿವಿಗೆ ಹೊಂದಿಸಿದಳು. "ಕೇಳು. ನಿನಗೆ ಗೊತ್ತಿರಲಿ."

ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಹಳ ದೂರದಲ್ಲಿ, ದಿಂಬಿನ ಕೆಳಗಿಟ್ಟ ಕೈಗಡಿಯಾರದ ಹಾಗೆ, ಅದಕ್ಕಿಂತ ಅವಸರವಾಗಿ, ಟಿಕ್ ಟಿಕ್ ಟಿಕ್ ಎಂದು. ಆ ತಾಯಿ ನನ್ನನ್ನೇ ನೋಡುತ್ತಿದ್ದಳು. "ಕೇಳ್ತದಾ ಅಕ್ಕ? ಹೆಂಗದ?" ಅಂದಳು. ತನ್ನ ಮಗುವಿನ ಸದ್ದು ಅವಳಿಗೇ ಕೇಳುವಂತಿರಲಿಲ್ಲ. "ಓಡ್ತಾ ಅದೆ ಕಣವ್ವ" ಅಂದೆ. ಅವಳು ಮುಖ ತುಂಬ ನಕ್ಕಳು. ನನ್ನೊಳಗೆ ಮಗು ಇಲ್ಲವೆಂದು ಸಾಬೀತು ಮಾಡಲು ಹೋದವಳು, ಅಂಥದೊಂದು ಸದ್ದು ನನ್ನೊಳಗೂ ಎಂದಾದರೂ ಬಂದೀತೇ ಎಂದು ಅಲ್ಲಿ ಮೊದಲ ಬಾರಿ ಯೋಚಿಸಿದೆ.

ಸಿಸ್ಟರಮ್ಮ ಚಾಮರಾಜನಗರದ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟಳು. "ಪೇಡಿಕ್ಕಂಡ ಮೋಳೇ," ಅಂದಳು. ಹೆದರಬೇಡ ಮಗಳೇ ಎಂದು ಅದರ ಅರ್ಥವೆಂಬುದು ಆಮೇಲೆ ತಿಳಿಯಿತು. ಆಗ ಬರೀ ದನಿ ಅರ್ಥವಾಗಿತ್ತು.

ಹೊರಗೆ ಬರುವಾಗ ಆ ಬೆಂಚಿನ ತುದಿಯಲ್ಲಿ ಬೇಗೂರಿನ ಅಂಗಡಿಯವನ ಹೆಂಡತಿ ಕೂತಿದ್ದಳು. ಅವಳು ನನ್ನನ್ನು ನೋಡಿದಳು. ನಾನು ಹೊರಬಂದ ಬಾಗಿಲನ್ನು ನೋಡಿದಳು. ಅಷ್ಟು ಸಾಕಾಯಿತು.

ಸೋಮವಾರ ಶಾಲೆಗೆ ಹೋದರೆ ಹೆಡ್‌ಮೇಷ್ಟ್ರು ನನ್ನನ್ನು ತರಗತಿಗೆ ಬಿಡಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಮೇಜಿನ ಮೇಲಿನ ಮಸಿಕುಡಿಕೆಯನ್ನು ನೋಡುತ್ತ, "ರಜೆ ಹಾಕಿ ಊರಿಗೆ ಹೋಗಿಬನ್ನಿ. ನಾನು ನಿಮ್ಮ ಅಣ್ಣನಿಗೆ ಕಾಗದ ಬರೆದು ನಿನ್ನೆಯೇ ಆಳಿನ ಕೈಲಿ ಕಳಿಸಿದ್ದೀನಿ" ಎಂದರು.

"ಏನಂತ ಬರೆದ್ರಿ ಸಾರ್?"

"ಬಂದು ಕರೆದುಕೊಂಡು ಹೋಗಿ ಅಂತ."

ಚಿಕ್ಕತಾಯಮ್ಮ ನನ್ನ ಪೆಟ್ಟಿಗೆಯನ್ನು ಆಗಲೇ ಜಗಲಿಗೆ ತಂದಿಟ್ಟಿದ್ದಳು. "ನನ್ನ ಮನೇಲೂ ವಯಸ್ಸಿಗೆ ಬಂದ ಹೆಣ್ಮಕ್ಳವ್ರೆ ಕಣಮ್ಮ. ತೆಪ್ಪು ತಿಳ್ಕಬ್ಯಾಡ," ಅಂದಳು. ಮಲ್ಲಣ್ಣ ಮಧ್ಯಾಹ್ನದ ಬಸ್ಸಿಗೆ ಬಂದ. ಪೆಟ್ಟಿಗೆ ಹೊತ್ತ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿಸುತ್ತಿದ್ದ ಅಣ್ಣ, ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, "ಯಾರು?" ಅಂದಳು. ಅದೊಂದೇ ಮಾತು.

"ಯಾರೂ ಇಲ್ಲ ಕಣವ್ವ. ಇದು ಕಾಯಿಲೆ."

"ಯಾರು ಅಂತ ಏಳು. ಗಂಡಸಾಗಿದ್ರೆ ಮಲ್ಲ ಮಾತಾಡ್ತಾನೆ. ಮದುವೆ ಆಗಿದ್ರೂ ಸರಿ, ಬೇರೆ ಜಾತಿ ಆದ್ರೂ ಸರಿ. ಏಳ್ಬುಡು."

"ಲಿಂಗ ಮುಟ್ಟಿ ಹೇಳ್ತೀನಿ."

ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದೆ. ಅದಕ್ಕಿಂತ ದೊಡ್ಡ ಆಣೆ ನಮ್ಮಲ್ಲಿಲ್ಲ. ಅವ್ವ ನನ್ನ ಅಂಗೈ ನೋಡಿದಳು, ಹೊಟ್ಟೆ ನೋಡಿದಳು. ಅವಳ ಕಣ್ಣು ಹೊಟ್ಟೆಯ ಮೇಲೇ ನಿಂತಿತು. "ಶಿವ ಶಿವಾ, ಸುಳ್ಳಿಗೆ ಲಿಂಗಾನೂ ಮುಟ್ಬುಟ್ಟೆಲ್ಲ," ಅಂದಳು.

ಈ ಬರಹವನ್ನು ಓದುವವರಲ್ಲಿ ಯಾರಾದರೂ ನಿಜ ಹೇಳಿಯೂ ನಂಬಿಸಲಾಗದೆ ಕೂತಿದ್ದರೆ, ಅವರಿಗೆ ನಾನು ಹೇಳಬಲ್ಲೆ: ಊರು ನಂಬದಿದ್ದರೂ ಬದುಕಬಹುದು. ಬಾವಿಕಟ್ಟೆಯ ಮೌನಕ್ಕೂ ಒಗ್ಗಿಕೊಳ್ಳಬಹುದು. ಹೆತ್ತವಳು ನಂಬದಿದ್ದರೆ ಮಾತ್ರ ಮನುಷ್ಯನಿಗೆ ತನ್ನ ಮೇಲೇ ಅನುಮಾನ ಹುಟ್ಟುತ್ತದೆ. ಕಾಳು ತುಂಬಿಡುವ ಕತ್ತಲೆ ಕೋಣೆಯಲ್ಲಿ, ಮಣ್ಣಿನ ಎತ್ತರದ ವಾಡೆಗಳ ನಡುವೆ ಚಾಪೆ ಹಾಸಿ ನನ್ನನ್ನು ಇರಿಸಿದರು. ಯಾರಾದರೂ ಬಂದರೆ ಕೆಮ್ಮಬಾರದು. ಹಗಲು ಹೊತ್ತು ಅಲ್ಲಿ ಕೂತು ನಾನು ಹುಚ್ಚಿಯ ಹಾಗೆ ಯೋಚಿಸಿದ್ದುಂಟು. ಗೊತ್ತಿಲ್ಲದೆ ಏನಾದರೂ ನಡೆಯಿತೇ? ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದ ದಿನ ಯಾವುದಾದರೂ ಇತ್ತೇ? ಇರಲಿಲ್ಲ. ಆದರೂ ಹುಡುಕುತ್ತಿದ್ದೆ.

ಅವ್ವ ಊಟದ ತಟ್ಟೆಯನ್ನು ಹೊಸ್ತಿಲಿನಾಚೆಯಿಂದ ಸರಿಸುತ್ತಿದ್ದಳು. ಬಂದಂದಿನಿಂದ ಒಮ್ಮೆಯೂ ನನ್ನನ್ನು ಮುಟ್ಟಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಲೋಟದಲ್ಲಿ ಕಪ್ಪಗಿನ ಕಷಾಯ ತಂದಳು. ಯಾವುದೋ ಊರಿನ ಮುದುಕಿ ಕೊಟ್ಟದ್ದು. ಬಸಿರು ಇಳಿಸುವ ಮದ್ದು ಎಂದು ನನಗೆ ವಾಸನೆಯಿಂದಲೇ ತಿಳಿಯಿತು. "ಕುಡ್ದುಬುಡು. ಎಲ್ಲ ಮುಗ್ದೋಯ್ತದ," ಅಂದಳು. ಇಂಥ ಮದ್ದು ಕುಡಿದು ಸತ್ತವರ ಸುದ್ದಿ ನಾನೂ ಕೇಳಿಬಲ್ಲೆ, ಅವ್ವನೂ ಬಲ್ಲಳು. ನಾನು ಕುಡಿದೆ. ಧೈರ್ಯದಿಂದಲ್ಲ, ಸಾಬೀತು ಮಾಡಲೂ ಅಲ್ಲ. ಸಾಕಾಗಿತ್ತು, ಅಷ್ಟೆ.

ಎರಡು ದಿನ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ನಾಲಿಗೆ ಒಣಗಿ ಮಾತು ಹೊರಡದಾಯಿತು. ಇಳಿಯಬೇಕಾದದ್ದು ಇಳಿಯಲಿಲ್ಲ. ಹೊಟ್ಟೆ ಹಾಗೇ ದುಂಡಗೆ ಕೂತಿತ್ತು. ಮೂರನೇ ದಿನ ಕಣ್ಣು ಬಿಟ್ಟಾಗ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಮುಖ ಬೂದಿಯಂತಾಗಿತ್ತು. ನಾನು ರವಿಕೆಯೊಳಗಿಂದ ಸಿಸ್ಟರಮ್ಮನ ಚೀಟಿ ತೆಗೆದು ನೆಲದ ಮೇಲಿಟ್ಟೆ.

"ಅವ್ವ, ನಗರದ ಡಾಕ್ಟ್ರಿಗೆ ತೋರ್ಸು. ಬಸುರಿ ಅಂದ್ರೆ ಇನ್ನೊಂದು ಲೋಟ ಕೊಡು, ಕುಡೀತೀನಿ."

ಅವಳು ಚೀಟಿಯನ್ನು ಎತ್ತಿ ತಿರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ. "ಗಾಡಿ ಕಟ್ಟು," ಎಂದು ಮಲ್ಲಣ್ಣನನ್ನು ಕೂಗಿದಳು.

ಚಾಮರಾಜನಗರದ ಡಾಕ್ಟರು ವಯಸ್ಸಾದವರು. ಉದ್ದ ಕೋಟು, ದಪ್ಪ ಕನ್ನಡಕ. ಸರದಿಯಲ್ಲಿ ಕೂತಿದ್ದಾಗ ಅವ್ವ ನನ್ನ ಸೆರಗನ್ನು ಹಣೆಯವರೆಗೂ ಎಳೆದಿದ್ದಳು. ಪರಿಚಯದ ಗೌಡರೊಬ್ಬರು "ಏನವ್ವಾ ಇಲ್ಲಿ?" ಎಂದರೆ, "ನನ್ ಮಂಡಿನೋವು" ಎಂದಳು. ನಮ್ಮ ಹೆಸರು ಕೂಗಿದಾಗ ಅವಳು ನಿಜವಾಗಿಯೂ ಮಂಡಿನೋವಿನವಳಂತೆ ಕುಂಟುತ್ತ ಎದ್ದಳು.

ಡಾಕ್ಟರು ಚೀಟಿ ಓದಿ ನನ್ನನ್ನು ಮಲಗಿಸಿದರು. ಎಡಗೈ ಬೆರಳನ್ನು ಹೊಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು ಬಲಗೈಯ ನಡುಬೆರಳಿನಿಂದ ಅದರ ಮೇಲೆ ತಟ್ಟಿದರು. ಟಕ್ ಟಕ್. ಬೆರಳು ಸರಿಸಿ ಮತ್ತೆ ತಟ್ಟಿದರು. ನಡುಹೊಟ್ಟೆಯ ಮೇಲೆಲ್ಲ ಮಂಕು ಸದ್ದು. ಪಕ್ಕೆಗಳತ್ತ ಹೋದಂತೆ ಸದ್ದು ತೆರೆದುಕೊಂಡು ಟೊಳ್ಳಾಯಿತು. ಅವ್ವ ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು.

"ಮನೇಲಿ ರಾಗಿ ವಾಡೆ ಇದೆಯೇನಮ್ಮ?" ಡಾಕ್ಟರು ಅವಳನ್ನು ಕೇಳಿದರು.

"ಅವೆ ಬುದ್ಧಿ."

"ರಾಗಿ ಎಷ್ಟಿದೆ ಅಂತ ಹೇಗೆ ತಿಳ್ಕೋತೀರಿ? ಮುಚ್ಚಳ ತೆಗೀತೀರಾ?"

"ಯಾಕ್ ತೆಗೀಬೇಕು, ತಟ್ಟುದ್ರೆ ಗೊತ್ತಾಯ್ತದ. ತುಂಬಿರೋ ಕಡೆ ಮಂಕಾಯ್ತದ, ಖಾಲಿ ಇರೋ ಕಡೆ ದಣ್ ಅಂತದ."

"ಹಾಗೇ ಇದು. ಇಲ್ಲಿ ಪಕ್ಕದಲ್ಲಿ ಕರುಳು, ಅದರಲ್ಲಿ ಗಾಳಿ. ದಣ್ ಅಂತ ಇದೆ. ನಡುವೆ ಏನೋ ತುಂಬಿದೆ. ತುಂಬಿರೋದು ಏನು ಅಂತ ನೋಡೋಣ. ಬನ್ನಿ ಇಲ್ಲಿ. ನಿಮ್ಮ ಕೈ ಬೇಕು."

ಅವ್ವ ಕದಲಲಿಲ್ಲ.

"ಬನ್ನಿ ತಾಯಿ. ಇದಕ್ಕೆ ಮೂರು ಕೈ ಬೇಕು, ನನಗಿರೋದು ಎರಡು."

ಅವಳು ಬಂದಳು. ಅವಳ ಅಂಗೈಯ ಅಂಚನ್ನು ನನ್ನ ಹೊಟ್ಟೆಯ ನಡುವೆ, ಮೇಲಿಂದ ಕೆಳಕ್ಕೆ, ಕತ್ತಿಯ ಹಾಗೆ ನಿಲ್ಲಿಸಿ ಒತ್ತಿಹಿಡಿಯಲು ಹೇಳಿದರು. ಮೇಲಿನ ಚರ್ಮ ಅಲ್ಲಾಡಿದರೆ ಮೋಸವಾಗುತ್ತದೆ, ಅದನ್ನು ತಡೆಯಲಿಕ್ಕೆ ಎಂದರು. ಎರಡೂವರೆ ವಾರದ ಮೇಲೆ ಅವ್ವನ ಕೈ ನನ್ನ ಮೈಮೇಲೆ ಬಿದ್ದಿತ್ತು. ಡಾಕ್ಟರು ಒಂದು ಪಕ್ಕದಲ್ಲಿ ತಮ್ಮ ಅಂಗೈ ಇಟ್ಟು, ಇನ್ನೊಂದು ಪಕ್ಕವನ್ನು ಬೆರಳಿನಿಂದ ಚಿಮ್ಮಿದರು. ಒಳಗೆ ಒಂದು ಅಲೆ ಎದ್ದು, ಅವ್ವನ ಕೈಯಡಿ ನುಸುಳಿ, ಆಚೆ ದಡಕ್ಕೆ ಬಡಿಯಿತು. ನನಗೇ ಅದು ತಿಳಿಯಿತು. ಆಮೇಲೆ ಡಾಕ್ಟರು ಕೈ ಅದಲುಬದಲು ಮಾಡಿ, ನಡುವೆ ತಮ್ಮ ಕೈ ಇಟ್ಟು, ಅವ್ವನ ಅಂಗೈಯನ್ನು ಆಚೆ ಪಕ್ಕದಲ್ಲಿ ಇರಿಸಿದರು. ಮತ್ತೆ ಚಿಮ್ಮಿದರು.

"ಬಡೀತಾ?"

"ಊಂ ಬುದ್ಧಿ. ನೀರು ಕುಲುಕ್ದಂಗೆ."

"ನೀರೇ. ಚೀಲದೊಳಗೆ ತುಂಬಿಕೊಂಡ ನೀರು. ಮಗು ಇದ್ದಿದ್ರೆ ಇಷ್ಟು ಹೊತ್ತಿಗೆ ತಲೆ ಸಿಗಬೇಕು, ಬೆನ್ನು ಸಿಗಬೇಕು. ಅಲೆ ಹೀಗೆ ಸಲೀಸಾಗಿ ದಾಟೋದಿಲ್ಲ. ಅಂಡಾಶಯದಲ್ಲಿ ಬೆಳೆದ ಗೆಡ್ಡೆ ಇದು. ತೆಗೀಬೇಕು. ಮೈಸೂರಿಗೆ ಬರೆದುಕೊಡ್ತೀನಿ."

ಅವ್ವ ಕೈ ತೆಗೆಯಲಿಲ್ಲ. ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು.

ಈಚಿನ ವರ್ಷಗಳಲ್ಲಿ ಪಿತ್ತಕೋಶದ ಕಲ್ಲಿಗೆಂದು ನನಗೆ ಸ್ಕ್ಯಾನ್ ಮಾಡಿದರು. ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ಹೊಟ್ಟೆಗೆ ತಣ್ಣಗಿನ ಜೆಲ್ಲಿ ಸವರಿ, ಸೋಪಿನ ಬಿಲ್ಲೆಯಂಥದನ್ನು ಆಡಿಸಿದಳು. ಏನಿದು ಎಂದು ಕೇಳಿದೆ. "ಇದೂ ಸದ್ದೇ ಅಜ್ಜಿ. ನಮ್ಮ ಕಿವಿಗೆ ಸಿಗದಷ್ಟು ಕೀರಲು ಸದ್ದು. ಒಳಗೆ ಹೋಗಿ, ಒಂದೊಂದು ಗೋಡೆಗೂ ತಾಗಿ ವಾಪಸ್ ಬರುತ್ತೆ. ಎಷ್ಟು ಹೊತ್ತಿಗೆ ಬಂತು ಅಂತ ಲೆಕ್ಕ ಹಿಡಿದು ಮಿಷನ್ ಚಿತ್ರ ಬರೆಯುತ್ತೆ" ಅಂದಳು. ನೀರಿನೊಳಗೆ ಸದ್ದು ತಡೆಯಿಲ್ಲದೆ ದಾಟಿಹೋಗುತ್ತದಂತೆ, ಏನೂ ಹಿಂತಿರುಗುವುದಿಲ್ಲ, ಅದಕ್ಕೇ ನೀರಿದ್ದ ಕಡೆ ತೆರೆಯ ಮೇಲೆ ಕಪ್ಪು. ಗಾಳಿಯಾದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದಂತೆ, ಚರ್ಮಕ್ಕೂ ಬಿಲ್ಲೆಗೂ ನಡುವೆ ಗಾಳಿ ನಿಲ್ಲದಿರಲೆಂದೇ ಆ ಜೆಲ್ಲಿ. ನಮ್ಮ ಕಾಲದಲ್ಲಿ ಇದನ್ನು ಬೆರಳಿನಿಂದ ಮಾಡುತ್ತಿದ್ದರಮ್ಮ ಎಂದೆ. ಹುಡುಗಿ ನಕ್ಕಳು. ಐದು ನಿಮಿಷದಲ್ಲಿ ನನ್ನನ್ನು ಎಬ್ಬಿಸಿ ಕಳಿಸಿದಳು. ಆ ಐದು ನಿಮಿಷ ಆಗ ನಮ್ಮ ಬೇಗೂರಿನಲ್ಲಿ ಇದ್ದಿದ್ದರೆ!

ಮೈಸೂರಿಗೆ ರೈಲಿನಲ್ಲಿ ಹೋದೆವು. ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ ನನ್ನ ಎಲುಬು ಬಿಟ್ಟು ಬೇರೆ ಎಲುಬಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಮಲ್ಲಣ್ಣ ವಾರ್ಡಿನಿಂದ ಹೊರಗೆ ಹೋಗಿ ಮರದ ಕೆಳಗೆ ಕೂತುಬಿಟ್ಟನಂತೆ. ನನಗೆ ಅಂಥ ಸಂತೋಷವೇನೂ ಆಗಲಿಲ್ಲ. ನನಗೆ ಮೊದಲೇ ಗೊತ್ತಿದ್ದದ್ದನ್ನು ಅವರು ನನಗೆ ಹೇಳುತ್ತಿದ್ದರು. ಭಯ ಮಾತ್ರ ಹೊಸದಾಗಿ ಬಂತು. ಮಗುವಲ್ಲ ಎಂಬುದನ್ನು ತೋರಿಸುವ ಗಡಿಬಿಡಿಯಲ್ಲಿ, ಇದು ನನ್ನನ್ನು ಕೊಲ್ಲಬಹುದೆಂಬ ಯೋಚನೆಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಗೆಡ್ಡೆ ಕೆಟ್ಟದ್ದೋ ಒಳ್ಳೆಯದೋ ತೆಗೆದ ಮೇಲೆಯೇ ತಿಳಿಯುವುದು ಎಂದಿದ್ದರು. ಮೂಗಿನ ಮೇಲೆ ಬಟ್ಟೆ ಇಟ್ಟು ಮದ್ದು ಹನಿಸುವಾಗ ಎಣಿಸು ಎಂದರು. ಮಗ್ಗಿ ಹೇಳಿಕೊಡುವ ಅಭ್ಯಾಸ ನನ್ನದು. ಏಳರ ಮಗ್ಗಿ ಶುರುಮಾಡಿದೆ. ಏಳು ಮೂರಲ ದಾಟಿದ್ದು ನೆನಪಿಲ್ಲ.

ಎಚ್ಚರವಾದಾಗ ಹೊಟ್ಟೆ ಇರಲಿಲ್ಲ. ಬಿಗಿಯಾದ ಪಟ್ಟಿಯ ಕೆಳಗೆ ಉರಿ, ಬಾಯಲ್ಲಿ ಸಿಹಿ ಸಿಹಿ ವಾಕರಿಕೆ. ಗೆಡ್ಡೆ ಒಡೆಯದೆ ಇಡಿಯಾಗಿ ಬಂದಿತ್ತು, ಕೆಟ್ಟದ್ದಲ್ಲ. ಒಂದು ಅಂಡಾಶಯ ಹೋಯಿತು, ಇನ್ನೊಂದು ಉಳಿಯಿತು.

ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು. ಬೇಸಿನ್ನಿನಲ್ಲಿ ಅದನ್ನು ತೋರಿಸಿದ್ದರಂತೆ. "ಸಣ್ಣ ಗುಡಾಣದಷ್ಟದ ಕಣಮ್ಮಿ. ಬೆಳ್ಳಗದ. ನರ್ಸಮ್ಮನ್ನ ಕೇಳಿವ್ನಿ, ಮದ್ದು ನೀರಲ್ಲಿ ಹಾಕ್ಕೊಟ್ರೆ ಮಡಕೇಲಿ ಮಡಿಕ್ಕಂಡು ಓಗನ. ಬೇಗೂರ್ಲಿ ಶಾಲೆ ಮುಂದೆ ಮಡಗಿ ಎಲ್ರಿಗೂ ತೋರುಸ್ತೀನಿ. ಆ ಚಿಕ್ಕತಾಯಮ್ಮನ ಮೊಕಕ್ಕೆ ಹಿಡೀತೀನಿ. ನೋಡ್ರವ್ವ, ಇದಕ್ಕೆ ಕೈ ಅದಾ ಕಾಲದಾ ಅಂತ."

ಅವಳ ಕಣ್ಣು ಹೊಳೆಯುತ್ತಿತ್ತು. ತಿಂಗಳ ನಂತರ ಅವಳು ನನ್ನ ಪರವಾಗಿ ನಿಂತಿದ್ದಳು. ನನಗೆ ಬೇಕಾಗಿದ್ದದ್ದು ಅದೇ ಅಲ್ಲವೇ?

"ಬ್ಯಾಡ ಅವ್ವ" ಅಂದೆ.

"ಯಾಕ? ಊರು ನಂಬೋದು ಬ್ಯಾಡ್ವಾ?"

"ನಾನು ಹೇಳಿದ್ದನ್ನ ನಂಬದೇ ಇದ್ದೋರು ಮಡಕೇಲಿರೋದನ್ನ ನಂಬೋದು ನಂಗ ಬ್ಯಾಡ."

ಊರಿನ ಬಗ್ಗೆ ಹೇಳಿದೆನೆಂದು ಅವಳು ಮೊದಲು ಅಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಅರ್ಥವಾಯಿತು. ಬಗ್ಗಿದ್ದವಳು ನಿಧಾನವಾಗಿ ನೆಟ್ಟಗಾಗಿ, ಮಂಚದ ಕಾಲಬಳಿ ಹೋಗಿ ಕೂತಳು. ಆ ಮಾತನ್ನು ಆಡಬಾರದಿತ್ತೆಂದು ಎಷ್ಟೋ ಸಲ ಅನ್ನಿಸಿದೆ. ಆಡಿದ್ದು ಸರಿಯೆಂದು ಅಷ್ಟೇ ಸಲ ಅನ್ನಿಸಿದೆ.

ಮಡಕೆ ಇಲ್ಲದ್ದರಿಂದ ಕಥೆ ತನಗೆ ಬೇಕಾದ ದಾರಿ ಹಿಡಿಯಿತು. ಮೈಸೂರಿಗೆ ಹೋಗಿ ತೆಗೆಸಿಕೊಂಡು ಬಂದಳು ಎಂದು ಕೆಲವರು ಕೊನೆಯವರೆಗೂ ಹೇಳಿದರು. ಎರಡು ಸಂಬಂಧ ಬಂದು ವಿಚಾರಿಸಿ ಹೋದವು. ಆಮೇಲೆ ಬರಲಿಲ್ಲ. ನಾನು ಮದುವೆಯಾಗಲಿಲ್ಲ. ಅವ್ವ ನನ್ನ ಜೊತೆ ಬಹಳ ವರ್ಷ ಇದ್ದಳು. ನನಗೆ ಬೇಕಾದ ಸಾರು ಮಾಡಿದಳು, ತಲೆಗೆ ಎಣ್ಣೆ ಒತ್ತಿದಳು, ಅಣ್ಣನ ಮಕ್ಕಳನ್ನು ನನ್ನ ಮಡಿಲಿಗೆ ತಂದು ಹಾಕಿದಳು. ಆ ಲೋಟದ ವಿಚಾರ ಮಾತ್ರ ಎತ್ತಲಿಲ್ಲ. ನಾನು ಕಾಯುತ್ತಿದ್ದೆ. ಅವಳು ಕಣ್ಣು ಮುಚ್ಚುವ ವಾರವೂ ಕಾಯುತ್ತಿದ್ದೆ. ಹೇಳುವುದು ಅವಳಿಗೂ ಎಷ್ಟು ಕಷ್ಟವಿತ್ತೆಂದು ಈಗ ತಿಳಿಯುತ್ತದೆ. ಈಗ ತಿಳಿದು ಏನು ಮಾಡಲಿ.

ಆಪರೇಷನ್ ಆಗಿ ಮೂರು ತಿಂಗಳಿಗೆ ಕೆಲಸಕ್ಕೆ ಮರಳಿದೆ. ಬೇರೆ ಊರಿಗೆ ವರ್ಗ ಕೇಳು ಎಂದು ಮಲ್ಲಣ್ಣ ಅಂಗಲಾಚಿದ. ನಾನು ಬೇಗೂರೇ ಬೇಕೆಂದೆ. ನಾನು ಬೇರೆ ಕಡೆ ಹೋದರೆ ನನ್ನ ಹೆಸರು ಅಲ್ಲೇ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವವರು ಯಾರು? ಹೆಡ್‌ಮೇಷ್ಟ್ರು ಎದ್ದು ನಿಂತು, "ಬನ್ನಿ ಬನ್ನಿ" ಎಂದು ಮಸಿಕುಡಿಕೆಯನ್ನೇ ನೋಡಿದರು. ಶಾಲೆಯ ಹಿಂದಿನ ಸಣ್ಣ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು, ಬೇರೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಮಕ್ಕಳು ಮೊದಲ ದಿನ ನನ್ನ ಹೊಟ್ಟೆಯನ್ನೇ ನೋಡಿದರು, ಎರಡನೇ ದಿನ ಮರೆತರು. ದೊಡ್ಡವರು ಮರೆಯಲಿಲ್ಲ. ಆ ವರ್ಷ ಪೂರ್ತಿ, ಶಾಲೆಯ ಗಂಟೆ ಹೊಡೆದ ಮೇಲೆ ಮರುದಿನ ಗಂಟೆ ಹೊಡೆಯುವವರೆಗೆ, ನನ್ನ ಜೊತೆ ಮಾತಾಡಿದ ಬೇಗೂರಿನವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಸ್ಲೇಟುಗಳನ್ನು ಜೋಡಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ರಾಚಮ್ಮ. ಕೂಲಿಗೆ ಹೋಗುವ ಹೆಂಗಸು, ನನ್ನ ಜೊತೆ ಎಂದೂ ಮಾತಾಡಿರಲಿಲ್ಲ. ಮಗಳ ಓದಿನ ವಿಚಾರವೇನೋ ಎಂದುಕೊಂಡೆ. ಅವಳು ಹಿಂದೆ ಮುಂದೆ ನೋಡಿ ಒಳಗೆ ಬಂದಳು.

"ಮೇಷ್ಟ್ರಮ್ಮ, ನಿಮ್ಗ ಯಾವ ಡಾಕ್ಟ್ರು ನೋಡುದ್ದು?"

"ಯಾಕೆ ರಾಚಮ್ಮ?"

ಅವಳು ಸೆರಗಿನ ಮೇಲಿಂದಲೇ ಎಡಗಡೆಯ ಎದೆಯನ್ನು ಮುಟ್ಟಿಕೊಂಡಳು. "ಇಲ್ಲಿ ಒಂದು ಗಂಟದ. ಯಾರ್ಗೂ ಏಳಿಲ್ಲ. ನನ್ ಗಂಡುಂಗೂ ಏಳಿಲ್ಲ. ಏಳುದ್ರೆ ಏನಂತಾರೋ." ಕಣ್ಣೊರೆಸಿಕೊಂಡಳು. "ನೀವಾದ್ರೆ ನಂಬ್ತೀರಿ ಅಂತ ಬಂದೆ."

"ಎಷ್ಟು ದಿನದಿಂದ?"

"ಸುಗ್ಗಿಯಿಂದ."

ಸ್ಲೇಟುಗಳನ್ನು ಹಾಗೇ ಬಿಟ್ಟೆ. ಬಾಗಿಲು ಮುಂದಕ್ಕೆ ತಳ್ಳಿ, ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟೆ. ಕುರ್ಚಿಯ ಅಂಚಿಗೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದೇ ಗುಟುಕಿಗೆ ಕುಡಿದಳು.

"ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಾ ರಾಚಮ್ಮ," ಎಂದೆ. "ಇಬ್ರೂ ಹೋಗನ."